ಕರೆಂಟ್ ಹೋದಾಗ ಆಮೆ ತೊಟ್ಟಿಗೊಂದು ಒದ್ದೆ ಟವೆಲ್

ಏಪ್ರಿಲ್ ಮಧ್ಯಾಹ್ನ ಮೈಸೂರಿನಲ್ಲಿ ಕರೆಂಟ್ ಹೋಯಿತು ಅಂದರೆ ಆಮೆ ಸಾಕಿದವರ ಮನೆಯಲ್ಲಿ ಮೊದಲ ಗಾಬರಿ ಏರ್ ಪಂಪಿನದ್ದು. ಗುಳ್ಳೆ ನಿಂತುಹೋಯಿತು, ಆಮೆಗೆ ಉಸಿರು ಕಟ್ಟುತ್ತದೆ, ಇನ್ವರ್ಟರಿನಿಂದ ಒಂದು ವೈರ್ ಎಳೆಯಿರಿ ಅಂತ ಓಡಾಟ. ಆಮೆ ಮೀನಲ್ಲ ಸ್ವಾಮಿ! ಅದಕ್ಕಿರುವುದು ಶ್ವಾಸಕೋಶ. ಮೂಗು ಮೇಲೆತ್ತಿ ನಮ್ಮ ಹಾಗೆಯೇ ಗಾಳಿ ಎಳೆದುಕೊಳ್ಳುತ್ತದೆ. ಪಂಪ್ ದಿನವಿಡೀ ನಿಂತರೂ ಅದರ ಉಸಿರಿಗೆ ಏನೂ ಆಗುವುದಿಲ್ಲ. ಬಿಸಿಲಿನ ಬದಲಿಗೆ ಹಚ್ಚುವ ಯುವಿ ಬಲ್ಬ್ ಒಂದೆರಡು ದಿನ ಆರಿದರೂ ಪರವಾಗಿಲ್ಲ, ಹೀಟರಿನ ಮಾತಂತೂ ಈ ಸೆಕೆಯಲ್ಲಿ ಬೇಡವೇ ಬೇಡ.

ಅಪಾಯ ಇರುವುದು ಬಿಸಿಯಲ್ಲಿ. ಅದನ್ನು ಎಷ್ಟೋ ಸಲ ನಾವೇ ತಂದಿಡುತ್ತೇವೆ. ಒಳಗೆ ಫ್ಯಾನ್ ಇಲ್ಲ, ಪಾಪ, ಹೊರಗೆ ಗಾಳಿಯಾದರೂ ಆಡುತ್ತದೆ ಅಂತ ಡಬ್ಬಿಯನ್ನು ಬಾಲ್ಕನಿಗೋ ಟೆರೇಸಿಗೋ ಒಯ್ಯುತ್ತೇವಲ್ಲ, ಅಲ್ಲಿಂದ ಶುರು. ಅಂಗಡಿಯಲ್ಲಿ ಪ್ಲಾಸ್ಟಿಕ್ ತೆಂಗಿನ ಮರ ನೆಟ್ಟು ಮಾರುವ ಆ ಪುಟ್ಟ ಡಬ್ಬಿಯಲ್ಲಿ ಎರಡು ಲೀಟರ್ ನೀರು ಹಿಡಿದರೆ ಜಾಸ್ತಿ. ನಡುಮಧ್ಯಾಹ್ನದ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1000 ವಾಟ್ ಸುರಿಯುತ್ತದೆ. 30 ಸೆಂಟಿಮೀಟರ್ ಉದ್ದ, 20 ಅಗಲದ ಡಬ್ಬಿಗೆ ಬೀಳುವುದು 60 ವಾಟ್. ಅದರಲ್ಲಿ ಅರ್ಧವನ್ನಷ್ಟೇ ನೀರು ಹೀರಿಕೊಂಡರೂ ಐದು ನಿಮಿಷಕ್ಕೆ ಒಂದು ಡಿಗ್ರಿ ಏರುತ್ತದೆ. 28ರಲ್ಲಿದ್ದ ನೀರು ಊಟ ಮುಗಿಸಿ ಬರುವಷ್ಟರಲ್ಲಿ 37! ನೂರು ಲೀಟರಿನ ತೊಟ್ಟಿಗೆ ಅದೇ 30 ವಾಟ್ ಬಿದ್ದರೆ ಒಂದು ಡಿಗ್ರಿ ಏರಲು ಹತ್ತಿರ ಹತ್ತಿರ ನಾಲ್ಕು ಗಂಟೆ ಬೇಕು. ಹಾಗಾಗಿ ಬೆಳಗ್ಗೆಯೇ ನೀರು ಜಾಸ್ತಿ ತುಂಬಿಸಿಡಿ, ಸಂಪಿನ ತಣ್ಣನೆಯ ನೀರಾದರೆ ಒಳ್ಳೆಯದು. ತಾರಸಿ ಮೇಲಿನ ಟ್ಯಾಂಕಿನ ನೀರನ್ನು ಮಧ್ಯಾಹ್ನ ಮುಟ್ಟಿ ನೋಡಿದವರಿಗೆ ಅದು ಯಾಕೆ ಬೇಡ ಅಂತ ಹೇಳಬೇಕಾಗಿಲ್ಲ.

ಆಮೆಗೆ ಬೆವರುವುದು ಗೊತ್ತಿಲ್ಲ. ನೀರು ಎಷ್ಟು ಬಿಸಿಯೋ ಮೈಯೂ ಹೆಚ್ಚುಕಡಿಮೆ ಅಷ್ಟೇ. ಇಲ್ಲಿ ಹೆಚ್ಚಾಗಿ ಮಾರುವ ಕೆಂಪು ಕಿವಿಯ ಸ್ಲೈಡರ್ ಮೂಲತಃ ಅಮೆರಿಕದ ಮಿಸಿಸಿಪಿ ನದಿ ಸೀಮೆಯದು. ಅದರ ನೀರು 24ರಿಂದ 28 ಡಿಗ್ರಿ ಇದ್ದರೆ ಸುಖ. 32 ದಾಟಿದರೆ ನಾವು ಏನಾದರೂ ಮಾಡಬೇಕು, ಮೈ ಬಿಸಿ 40 ದಾಟಿದರೆ ಜೀವ ಉಳಿಯುವುದು ಕಷ್ಟ. ಚಳಿಯ ವಿಷಯದಲ್ಲಿ ಈ ಕುಟುಂಬ ಗಟ್ಟಿ. ಇದರ ನೆಂಟ ಪೇಂಟೆಡ್ ಆಮೆ ಹೆಪ್ಪುಗಟ್ಟಿದ ಕೆರೆಯ ತಳದಲ್ಲಿ ಆಮ್ಲಜನಕವೇ ಇಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ. ಬಿಸಿಗೆ ಅಂಥ ಉಪಾಯ ಇಲ್ಲ, ಓಡಿಹೋಗುವುದೊಂದೇ ದಾರಿ. ಮಂಡ್ಯದ ಗದ್ದೆ ಕಾಲುವೆಗಳಲ್ಲಿ ಸಿಗುವ ನಮ್ಮ ಊರಿನ ಫ್ಲಾಪ್‌ಶೆಲ್ ಆಮೆ ನೀರು ಬತ್ತಿದ ಮೇಲೆ ಕೆಸರಿನೊಳಗೆ ಹೂತುಕೊಂಡು ಬೇಸಿಗೆ ಕಳೆಯುತ್ತದೆ. ಗಾಜಿನ ತೊಟ್ಟಿಯಲ್ಲಿ ಎಲ್ಲಿ ಹೂತುಕೊಳ್ಳಬೇಕು?

ಈಗ ನನಗೆ ತುಂಬಾ ಇಷ್ಟದ ವಿಷಯಕ್ಕೆ ಬರುತ್ತೇನೆ, ಕರೆಂಟೇ ಇಲ್ಲದೆ ನೀರನ್ನು ತಣ್ಣಗೆ ಮಾಡುವುದು. ಮಂಡ್ಯ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲಿ ಜಲವಿದ್ಯುತ್ ಹುಟ್ಟಿತು. ಅದು ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ, ಮೈಸೂರಿನ ಮನೆಗಳು ಇನ್ನೂ ಕೆಲವು ವರ್ಷ ಕಾಯಬೇಕಾಯಿತು. ಅದಕ್ಕೂ ಮುಂಚೆ ಇಲ್ಲಿ ಸೆಕೆ ಇರಲಿಲ್ಲವೇ? ಇತ್ತು. ಮಣ್ಣಿನ ಮಡಕೆಯೂ ಇತ್ತು. ಮಡಕೆಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಅತಿ ಚುರುಕಾಗಿ ಓಡಾಡುವ ಕಣಗಳು ಮೊದಲು ಹಾರಿಹೋಗುತ್ತವೆ. ಉಳಿಯುವುದು ನಿಧಾನದವು. ಕಣಗಳ ಓಟ ನಿಧಾನವಾಯಿತು ಅಂದರೆ ನೀರು ತಣ್ಣಗಾಯಿತು ಅಂತಲೇ ಅರ್ಥ. 1758ರಲ್ಲಿ ಅಮೆರಿಕದ ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ರಸಾಯನಶಾಸ್ತ್ರದ ಪ್ರೊಫೆಸರ್ ಜಾನ್ ಹ್ಯಾಡ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಥರ್ಮಾಮೀಟರಿನ ಬುರುಡೆಗೆ ಥಟ್ಟನೆ ಆವಿಯಾಗುವ ಈಥರ್ ಸವರಿ, ತಿದಿಯಿಂದ ಗಾಳಿ ಊದಿ, ಮತ್ತೆ ಸವರಿ, ಮತ್ತೆ ಊದಿ, ಸೊನ್ನೆಗಿಂತ ಸುಮಾರು 14 ಡಿಗ್ರಿ ಕೆಳಕ್ಕೆ ಇಳಿಸಿಬಿಟ್ಟರು. ಬುರುಡೆಯ ಸುತ್ತ ಐಸ್ ಕಟ್ಟಿತು. ಬೇಸಿಗೆಯ ದಿನದಲ್ಲೂ ಮನುಷ್ಯನನ್ನು ಹೀಗೆ ಚಳಿಯಿಂದಲೇ ಸಾಯಿಸಬಹುದು ಅಂತ ಫ್ರಾಂಕ್ಲಿನ್ ಆಮೇಲೆ ಪತ್ರದಲ್ಲಿ ಬರೆದ. ಅವನಿಗೆ ಯಾವ ಕರೆಂಟ್ ಇತ್ತು?

ತೊಟ್ಟಿಗೂ ಇದೇ ಲೆಕ್ಕ. ನೂರು ಲೀಟರಿನಲ್ಲಿ ಒಂದೇ ಒಂದು ಲೀಟರ್ ಆವಿಯಾದರೆ ಉಳಿದ ನೀರಿನಿಂದ ಐದಾರು ಡಿಗ್ರಿ ಬಿಸಿಯನ್ನು ಕೊಂಡೊಯ್ಯುತ್ತದೆ. ಕೋಣೆಯ ಸೆಕೆ ಒಂದಷ್ಟನ್ನು ವಾಪಸ್ ತುಂಬುತ್ತದೆ ನಿಜ, ಆದರೂ ಎರಡು ಮೂರು ಡಿಗ್ರಿ ಇಳಿದರೆ ಸಾಕಲ್ವಾ? ಗಾಜಿನ ಮುಚ್ಚಳ ತೆಗೆದು ಜಾಲರಿ ಹಾಕಿ. ಹತ್ತಿ ಟವೆಲ್ ಒದ್ದೆ ಮಾಡಿ ಗಾಜಿನ ಹೊರಗಡೆ ಸುತ್ತಿ, ಕೆಳಗೆ ತಟ್ಟೆಯಲ್ಲಿ ನೀರಿಟ್ಟು ಅದರ ಅಂಚು ಅದ್ದಿರಲಿ. ಒಳಗೆ ಇಳಿಬಿಡಬೇಡಿ, ಆಮೆ ದಾರ ಕಚ್ಚಿ ನುಂಗುತ್ತದೆ. ಬ್ಯಾಟರಿಯ ಪುಟ್ಟ ಫ್ಯಾನ್ ಇದ್ದರೆ ನೀರಿನ ಮೇಲೆ ಅಡ್ಡಕ್ಕೆ ಬೀಸುವಂತೆ ಇಡಿ, ಇಲ್ಲದಿದ್ದರೆ ಕಿಟಕಿ ಗಾಳಿಯೇ ಸಾಕು, ಬಿಸಿಲು ಮಾತ್ರ ಬೀಳಬಾರದು.

ಐಸ್ ಹಾಕಿದರೆ ಆಗಲ್ಲವಾ ಅಂತ ಕೇಳುವವರು ಇದ್ದೇ ಇರುತ್ತಾರೆ. ಒಂದು ಕಿಲೋ ಐಸ್ ಕರಗುವಾಗ ಎಳೆದುಕೊಳ್ಳುವ ಬಿಸಿಗಿಂತ ಏಳು ಪಟ್ಟು ಬಿಸಿಯನ್ನು ಒಂದು ಕಿಲೋ ನೀರು ಆವಿಯಾಗುವಾಗ ಒಯ್ಯುತ್ತದೆ. ನೂರು ಲೀಟರಿಗೆ ಒಂದು ಕಿಲೋ ಐಸ್ ಹಾಕಿದರೆ ಇಳಿಯುವುದು ಒಂದೇ ಡಿಗ್ರಿ. ಅದನ್ನೇ 20 ಲೀಟರಿನ ಟಬ್ಬಿಗೆ ಸುರಿದರೆ ದಿಢೀರನೆ ಐದು ಡಿಗ್ರಿ ಬಿದ್ದು ಆಮೆಗೆ ಏಟು. ಆದರೆ ಮಳೆಗೆ ಮುಂಚಿನ ಅಂಟು ಸೆಕೆಯಲ್ಲಿ ಐಸೇ ಗತಿ. ಒಣ ದಿನ 35 ಡಿಗ್ರಿ, ತೇವಾಂಶ ಶೇಕಡಾ 30 ಇದ್ದಾಗ ಒದ್ದೆ ಬಟ್ಟೆ ಸುಮಾರು 22ಕ್ಕೆ ಇಳಿಯಬಲ್ಲದು. ಅದೇ 32 ಡಿಗ್ರಿ, ತೇವಾಂಶ 70 ಆದರೆ 27ರ ಹತ್ತಿರವೇ ನಿಂತುಬಿಡುತ್ತದೆ. ಆಗ ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ, ಮುಚ್ಚಳ ಹಾಕಿಯೇ ಒಂದು ಮೂಲೆಯಲ್ಲಿ ತೇಲಿಬಿಡಿ.

ಆಮೆ ಒಂದೇ ಸಮನೆ ಗೋಡೆ ಹತ್ತುತ್ತಿದ್ದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ, ಬಾಯಲ್ಲಿ ನೊರೆ ಬಂದರೆ ತಡ ಮಾಡಬೇಡಿ. ನೆರಳಿಗೆ ತಂದು, ತಲೆ ಮುಳುಗದಷ್ಟು ಆಳದ, ಫ್ರಿಜ್ಜಿನದಲ್ಲದ ಸಾದಾ ನೀರಿನಲ್ಲಿ ಇರಿಸಿ, ಡಾಕ್ಟರಿಗೆ ಫೋನ್ ಮಾಡಿ. ಆಮೆ ಸತ್ತರೆ ಮನೆಗೆ ಬರಬೇಕಿದ್ದ ಕೆಡುಕನ್ನು ತಾನು ಹೊತ್ತುಕೊಂಡು ಹೋಯಿತು ಅಂತ ಸಮಾಧಾನ ಹೇಳುವವರನ್ನು ಕಂಡರೆ ನನಗೆ ರೇಗುತ್ತದೆ. ಅದು ಹೊತ್ತುಕೊಂಡಿದ್ದು ಬಿಸಿನೀರು ಅಷ್ಟೇ. ವಾಸ್ತುವಿಗೆ, ಇಪ್ಪತ್ತು ಉಗುರಿನ ಅದೃಷ್ಟಕ್ಕೆ ಅಂತ ನಕ್ಷತ್ರ ಆಮೆಯನ್ನು ತಂದು ನೀರಿಗೆ ಹಾಕುವವರೂ ಇದ್ದಾರೆ. ಅದು ನೆಲದ ಆಮೆ, ಈಜು ಬಾರದೆ ಮುಳುಗುತ್ತದೆ. ಅದನ್ನೂ ಫ್ಲಾಪ್‌ಶೆಲ್ಲನ್ನೂ ಸಾಕುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಸ್ಲೈಡರ್ ಸಾಕಿ ಸಾಕಾಯಿತು ಅಂತ ಕುಕ್ಕರಹಳ್ಳಿ ಕೆರೆಗೆ ಬಿಡುವುದೂ ಬೇಡ. ಹೊರಗಿನಿಂದ ಬಂದು ಜಗತ್ತಿನ ಕೆರೆಗಳನ್ನು ಹಾಳು ಮಾಡಿದ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ.

ಕರೆಂಟ್ ಇಲ್ಲದಾಗ ಊಟ ನಿಲ್ಲಿಸಿ. ದೊಡ್ಡ ಆಮೆಗೆ ಎರಡು ದಿನದ ಉಪವಾಸ ಲೆಕ್ಕಕ್ಕಿಲ್ಲ, ತಿಂದರೆ ಗಲೀಜು, ಗಲೀಜಿನಿಂದ ಅಮೋನಿಯಾ. ಅದನ್ನು ಕರಗಿಸುವ ಬ್ಯಾಕ್ಟೀರಿಯಾ ಇರುವುದು ಫಿಲ್ಟರಿನಲ್ಲಿ, ಆಮ್ಲಜನಕ ಬೇಕಾಗಿರುವುದು ಅವಕ್ಕೆ. ಮುಚ್ಚಿದ ಡಬ್ಬಿ ಫಿಲ್ಟರ್ ಆದರೆ ಕೆಲವು ಗಂಟೆಗಳಲ್ಲಿ ಒಳಗೆಲ್ಲ ಕೊಳೆತು ನಾರುತ್ತದೆ. ಕರೆಂಟ್ ಬಂದ ಖುಷಿಯಲ್ಲಿ ಸ್ವಿಚ್ ಹಾಕಿದರೆ ಆ ನೀರೆಲ್ಲ ತೊಟ್ಟಿಗೇ ಬರುವುದು. ಮೊದಲು ಅದನ್ನು ಚೆಲ್ಲಿ, ಸ್ಪಂಜನ್ನು ತೊಟ್ಟಿಯದೇ ನೀರಿನಲ್ಲಿ ಜಾಲಿಸಿ, ಆಮೇಲೆ ಸ್ವಿಚ್ ಹಾಕಿ.