ತಾನಾಗಿ ತಗ್ಗುವ ಕಾಯಿಲೆ, ಹೆಸರು ಗಳಿಸುವ ಮದ್ದು: ಎಂಎಸ್‌ನ ಇನ್ನೂರು ವರ್ಷ

1822ರ ಡಿಸೆಂಬರ್. ಇಂಗ್ಲೆಂಡಿನ ದೊರೆ ಮೂರನೇ ಜಾರ್ಜ್‌ನ ಮೊಮ್ಮಗ ಅಗಸ್ಟಸ್ ಡೆಸ್ಟೆ ಸ್ಕಾಟ್ಲೆಂಡಿನಲ್ಲಿ ಬಂಧುವೊಬ್ಬರ ಅಂತ್ಯಕ್ರಿಯೆಗೆ ಹೋಗಿದ್ದ. ಅದಾದ ಸ್ವಲ್ಪ ದಿನಕ್ಕೇ ಕಣ್ಣು ಮಂಜಾಗಿ, ತನಗೆ ಬಂದ ಪತ್ರಗಳನ್ನು ಬೇರೆಯವರಿಂದ ಓದಿಸಿಕೊಳ್ಳಬೇಕಾಯಿತು. ಮುಂದೆ, ಯಾವ ಚಿಕಿತ್ಸೆಯೂ ಇಲ್ಲದೆ ದೃಷ್ಟಿ ಪೂರ್ತಿ ಮರಳಿತು ಎಂದು ದಿನಚರಿಯಲ್ಲಿ ಬರೆದುಕೊಂಡ. 1827ರಲ್ಲಿ ಫ್ಲಾರೆನ್ಸ್‌ನಲ್ಲಿದ್ದಾಗ ಒಂದು ವಸ್ತು ಎರಡಾಗಿ ಕಾಣತೊಡಗಿತು. ಪಿತ್ತದ ದೋಷವೆಂದು ವೈದ್ಯರು ಹಣೆಯ ಪಕ್ಕಕ್ಕೆ ಜಿಗಣೆ ಬಿಟ್ಟರು, ಭೇದಿ ಮಾಡಿಸಿದರು, ತೋಳಿನಿಂದ ರಕ್ತ ತೆಗೆದರು. ಕಣ್ಣು ಸರಿಹೋಯಿತು. ಆಮೇಲೆ ಕಾಲಿನ ಬಲ ಕುಂದಿತು. ಇನ್ನೊಬ್ಬ ವೈದ್ಯ ದಿನಕ್ಕೆರಡು ಹೊತ್ತು ದನದ ಮಾಂಸ, ಜೊತೆಗೆ ಶೆರಿ, ಮಡೀರಾ ವೈನ್ ಹೇಳಿದ. ಕಾಲಿಗೂ ಬಲ ಬಂತು.

ಇವತ್ತು ಆ ದಿನಚರಿ ಓದಿದರೆ ಅದು ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಎಂಬ ನರರೋಗ ಎನ್ನುವುದರಲ್ಲಿ ನರರೋಗ ತಜ್ಞರಿಗೆ ಸಂಶಯ ಇಲ್ಲ. ಈ ಕಾಯಿಲೆಯಲ್ಲಿ ಸುಮಾರು 85 ಶೇಕಡಾ ಜನರಿಗೆ ಆರಂಭದ ವರ್ಷಗಳಲ್ಲಿ ಲಕ್ಷಣ ಬರುತ್ತದೆ, ಕೆಲವು ವಾರ ಇರುತ್ತದೆ, ಪೂರ್ತಿಯೋ ಅರ್ಧವೋ ಇಳಿಯುತ್ತದೆ. ಇಳಿಯುವ ಹೊತ್ತಿಗೆ ಏನು ಕುಡಿಯುತ್ತಿದ್ದರೋ ಅದಕ್ಕೆ ಹೆಸರು ಸಲ್ಲುತ್ತದೆ. ಏನೂ ಮಾಡದೆ ಇಳಿದ ಸಲವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಂಎಸ್‌ಗೆ ಹೇಳುವ ಯಾವುದೇ ನೈಸರ್ಗಿಕ ಪರಿಹಾರವನ್ನು ತೂಗುವಾಗ ಮೊದಲು ನೆನೆಯಬೇಕಾದ್ದು ಇದನ್ನೇ.

ಕಾಯಿಲೆಗೆ ಸ್ಪಷ್ಟ ರೂಪ ಕೊಟ್ಟವರು ಪ್ಯಾರಿಸ್‌ನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಜಾನ್ ಮಾರ್ಟಿನ್ ಶಾರ್ಕೋ, 1868ರಲ್ಲಿ. ಬದುಕಿದ್ದಾಗ ಕಂಡ ನಡುಕ, ತಡೆತಡೆದು ಬರುವ ಮಾತು, ಅದುರುವ ಕಣ್ಣುಗುಡ್ಡೆಗಳನ್ನು ಸತ್ತ ಮೇಲೆ ಮಿದುಳು ಮತ್ತು ಬೆನ್ನುಹುರಿಯಲ್ಲಿ ಸಿಕ್ಕ ಗಟ್ಟಿ ಕಲೆಗಳ ಜೊತೆ ಅವರು ಜೋಡಿಸಿದರು. ದೇಹದ ರೋಗನಿರೋಧಕ ವ್ಯವಸ್ಥೆಯೇ ನರತಂತುಗಳ ಮೇಲಿನ ಮಯಲಿನ್ ಪೊರೆಯನ್ನು ಹಾಳುಮಾಡುತ್ತದೆ. ಪೊರೆ ಹೋದ ಜಾಗದಲ್ಲಿ ಸಂಕೇತ ನಿಧಾನವಾಗುತ್ತದೆ, ಇಲ್ಲವೇ ನಿಂತೇಹೋಗುತ್ತದೆ. ಕಲೆ ಎಲ್ಲಿ ಬಿದ್ದಿದೆಯೋ ಅದಕ್ಕೆ ತಕ್ಕ ಲಕ್ಷಣ. ಒಬ್ಬರ ಎಂಎಸ್ ಇನ್ನೊಬ್ಬರದರಂತೆ ಇರದಿರುವುದು ಇದರಿಂದಲೇ.

ಹೆಚ್ಚಾಗಿ 20ರಿಂದ 40ರ ವಯಸ್ಸಿನಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ ಕಾಣಿಸುತ್ತದೆ. ಅನೇಕರಿಗೆ ಮೊದಲು ಕೈಕೊಡುವುದು ಒಂದು ಕಣ್ಣು. ಒಂದೆರಡು ದಿನದಲ್ಲಿ ಮಂಜಾಗುತ್ತದೆ, ಗುಡ್ಡೆ ಹೊರಳಿಸಿದರೆ ನೋಯುತ್ತದೆ, ಬಣ್ಣ ಕಳೆಗುಂದುತ್ತದೆ. ಕುಂಕುಮದ ಭರಣಿಯನ್ನು ಎದುರಿಗಿಟ್ಟು ಒಂದೊಂದೇ ಕಣ್ಣು ಮುಚ್ಚಿ ನೋಡಿ: ಒಂದು ಕಣ್ಣಿಗೆ ಕಡುಗೆಂಪಾಗಿ, ಇನ್ನೊಂದಕ್ಕೆ ಮಾಸಿದ ಇಟ್ಟಿಗೆ ಬಣ್ಣವಾಗಿ ಕಂಡರೆ ದೃಷ್ಟಿನರ ಊದಿರಬಹುದು. ಕನ್ನಡಕದ ಅಂಗಡಿಗಲ್ಲ, ಕಣ್ಣಿನ ವೈದ್ಯರ ಬಳಿಗೆ ಅದೇ ದಿನ ಹೋಗಬೇಕು. ಕಾಲಿನಲ್ಲಾದರೆ, ನಡೆಯುವಾಗ ಚಪ್ಪಲಿ ಜಾರಿಹೋದದ್ದು ಗೊತ್ತೇ ಆಗುವುದಿಲ್ಲ. ಸ್ವಲ್ಪ ದೂರ ಸರಿಯಾಗಿ ನಡೆದವರ ಪಾದ ಆಮೇಲೆ ಎಳೆಯತೊಡಗುತ್ತದೆ. ಕತ್ತು ಬಗ್ಗಿಸಿದರೆ ಬೆನ್ನಿನುದ್ದಕ್ಕೂ ಕರೆಂಟ್ ಹೊಡೆದಂತಾಗುವುದು ಇನ್ನೊಂದು ಗುರುತು. ಎದೆ ಅಥವಾ ಹೊಟ್ಟೆಯ ಸುತ್ತ ಪಟ್ಟಿ ಬಿಗಿದ ಹಾಗಿರುವುದು, ಮೂತ್ರ ತಡೆಯಲಾಗದ ಅವಸರ, ನಿದ್ದೆ ಮಾಡಿದರೂ ಹೋಗದ ದಣಿವು ಕೂಡ ಈ ಕಾಯಿಲೆಯವೇ.

ಲಕ್ಷಣಕ್ಕಿಂತ ಅದರ ಕಾಲಗತಿ ಮುಖ್ಯ. ಎಂಎಸ್‌ನ ದಾಳಿ ಗಂಟೆಗಳಿಂದ ದಿನಗಳಲ್ಲಿ ಏರುತ್ತದೆ, ಕನಿಷ್ಠ 24 ಗಂಟೆ ಬಿಡದೆ ಇರುತ್ತದೆ, ಜ್ವರವೋ ಸೋಂಕೋ ಅದಕ್ಕೆ ಕಾರಣವಾಗಿರುವುದಿಲ್ಲ. ಕಾಲು ಮಡಚಿ ಕೂತು ಬಂದ ಜೋಮು ಅದಲ್ಲ. ನಿಮಿಷದಲ್ಲಿ ಮುಖ ಸೊಟ್ಟಗಾಗಿ ಕೈ ಬಿದ್ದುಹೋದರೆ ಅದು ಪಾರ್ಶ್ವವಾಯು ಇರಬಹುದು. ಕಾಯದೆ ಆಸ್ಪತ್ರೆಗೆ ಓಡಬೇಕು.

ನಮ್ಮಲ್ಲಿ ಎಂಎಸ್ ಇಲ್ಲವೇ ಇಲ್ಲ ಎಂಬ ಭಾವನೆ ಬಹುಕಾಲ ಇತ್ತು. ಮಂಗಳೂರು ನಗರದಲ್ಲಿ ನಡೆದ ಸಮೀಕ್ಷೆಯಲ್ಲಿ ಲಕ್ಷಕ್ಕೆ ಸುಮಾರು 8 ಮಂದಿಗೆ ಅದು ಕಂಡುಬಂತು. ಅಲ್ಲಿಯೇ ಎನ್‌ಎಂಒ (ನ್ಯೂರೋಮಯಲೈಟಿಸ್ ಆಪ್ಟಿಕಾ) ಎಂಬ ಅದರ ಹೋಲಿಕೆಯ ಇನ್ನೊಂದು ಕಾಯಿಲೆಯೂ ಸಿಕ್ಕಿತು. ಅದನ್ನು ಗುರುತಿಸುವ ರಕ್ತಪರೀಕ್ಷೆಗೆ ದಾರಿ ತೆರೆದದ್ದು 2004ರಲ್ಲಿ. ಇಂಟರ್‌ಫೆರಾನ್‌ನಂಥ ಎಂಎಸ್ ಔಷಧ ಕೊಟ್ಟರೆ ಆ ಕಾಯಿಲೆ ಉಲ್ಬಣಿಸಬಹುದು. ಸಸ್ಯಾಹಾರಿಗಳಲ್ಲಿ ಬಿ12 ಕೊರತೆಯೂ ಕಾಲು ಜೋಮು, ನಡಿಗೆಯ ತೂರಾಟ ತರುತ್ತದೆ, ಚುಚ್ಚುಮದ್ದಿಗೆ ಇಳಿಯುತ್ತದೆ. ಆದ್ದರಿಂದ ಎಂಆರ್‌ಐ ಜೊತೆಗೆ ಎನ್‌ಎಂಒ, ಬಿ12 ರಕ್ತಪರೀಕ್ಷೆಗಳ ಬಗ್ಗೆಯೂ ವೈದ್ಯರಲ್ಲಿ ಕೇಳಿ.

ಇನ್ನು ಉಪಶಮನದ ಕಥೆ. 1890ರ ಸುಮಾರಿಗೆ ಜರ್ಮನಿಯ ಕಣ್ಣಿನ ವೈದ್ಯ ವಿಲ್‌ಹೆಲ್ಮ್ ಊಥಾಫ್, ರೋಗಿಗಳು ಶ್ರಮಪಟ್ಟರೆ ಸ್ವಲ್ಪ ಹೊತ್ತು ದೃಷ್ಟಿ ಮಂಜಾಗುವುದನ್ನು ದಾಖಲಿಸಿದರು. ನಿಜವಾದ ಕಾರಣ ಶ್ರಮವಲ್ಲ, ಮೈಯ ಬಿಸಿ. ಪೊರೆ ಕಳೆದುಕೊಂಡ ನರದಲ್ಲಿ ಸಂಕೇತ ಹೇಗೋ ದಾಟುತ್ತಿರುತ್ತದೆ. ತಾಪ ಅರ್ಧ ಡಿಗ್ರಿ ಏರಿದರೂ ಸಂಕೇತ ಮುಂದೆ ಸಾಗಿಸುವ ಸೋಡಿಯಂ ದ್ವಾರಗಳು ಬೇಗ ಮುಚ್ಚಿಕೊಂಡು ಸಂಕೇತ ಅಲ್ಲೇ ನಿಲ್ಲಬಹುದು. ಎಂಆರ್‌ಐ ಬರುವ ಮುನ್ನ ಕೆಲವು ದಶಕ ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ, ಲಕ್ಷಣ ಏಳುತ್ತದೆಯೇ ಎಂದು ನೋಡುವುದೇ ಒಂದು ಪರೀಕ್ಷೆಯಾಗಿತ್ತು.

ದೀಪಾವಳಿ, ಯುಗಾದಿಯ ಎಣ್ಣೆಸ್ನಾನದ ದಿನ ಕೆಲವರಿಗೆ ಬಚ್ಚಲಿನಲ್ಲೇ ಕಾಲು ಸೋಲುವುದಕ್ಕೆ ಇದೇ ಕಾರಣ. ಹಂಡೆಯ ಕುದಿಬಿಸಿ ನೀರು, ಮುಚ್ಚಿದ ಬಾಗಿಲು, ಹಬೆ, ಎಣ್ಣೆಯಿಂದ ಜಾರುವ ನೆಲ. ಸ್ಪರ್ಶ ಮಂದವಾದ ಚರ್ಮಕ್ಕೆ ನೀರು ಎಷ್ಟು ಸುಡುತ್ತಿದೆ ಎಂಬುದೂ ತಿಳಿಯದು. ಉಗುರುಬೆಚ್ಚಗಿನ ನೀರು, ಕೂರಲು ಸ್ಟೂಲ್, ಹಿಡಿಯಲು ಗೋಡೆಗೆ ಕಂಬಿ, ತುಸು ತೆರೆದ ಕಿಟಕಿ ಇದ್ದರೆ ಎಣ್ಣೆಸ್ನಾನ ಬಿಡಬೇಕಿಲ್ಲ. ಪಂಚಕರ್ಮದ ಉಗಿ ಸ್ವೇದನ ಮಾತ್ರ ಬೇಡ. ಮೈ ತಣಿದರೆ ಈ ಬಗೆಯ ಸೋಲು ಇಳಿಯುತ್ತದೆ, ನರಕ್ಕೆ ಹೊಸ ಹಾನಿ ಆಗಿರುವುದಿಲ್ಲ. ಏಪ್ರಿಲ್, ಮೇನಲ್ಲಿ ಹೊರಗೆ ಹೋಗುವ ಮುಂಚೆ ತಣ್ಣೀರು ಸ್ನಾನ, ಕತ್ತಿಗೆ ಒದ್ದೆ ಬಟ್ಟೆ, ತಣ್ಣಗಿನ ನೀರು, ಸಾಧ್ಯವಿದ್ದವರಿಗೆ ಮೈ ತಂಪಾಗಿಡುವ ಅಂಗಿ (ಕೂಲಿಂಗ್ ವೆಸ್ಟ್): ದುಬಾರಿಯಲ್ಲದ, ಕಾರಣ ಚೆನ್ನಾಗಿ ಗೊತ್ತಿರುವ ಉಪಶಮನಗಳು ಇವು. ಹಳೆಯ ಲಕ್ಷಣ ದಿನಗಟ್ಟಲೆ ಕೆರಳಿದರೆ ಮೊದಲು ಮೂತ್ರಪರೀಕ್ಷೆ ಮಾಡಿಸಿ; ಮೂತ್ರದ ಸೋಂಕಿನ ಸಣ್ಣ ಜ್ವರವೂ ದಾಳಿಯಂತೆ ತೋರಬಹುದು.

ಶ್ರಮದಿಂದ ಕಣ್ಣು ಮಂಜಾಗುತ್ತದೆ ಎಂಬ ತಿಳಿವಳಿಕೆ ಒಂದು ಅನ್ಯಾಯಕ್ಕೂ ಕಾರಣವಾಯಿತು. ನೂರು ವರ್ಷ ರೋಗಿಗಳಿಗೆ ಆಯಾಸ ಮಾಡಿಕೊಳ್ಳಬೇಡಿ, ಮಲಗಿರಿ ಎಂದೇ ಹೇಳಲಾಯಿತು. ಸ್ನಾಯು ಸೊರಗಿದವು, ದಣಿವು ಹೆಚ್ಚಿತು. 1996ರಲ್ಲಿ ಅಮೆರಿಕದ ಯೂಟಾದಲ್ಲಿ ವಾರಕ್ಕೆ 3 ಸಲ, 40 ನಿಮಿಷದಂತೆ 15 ವಾರ ವ್ಯಾಯಾಮ ಮಾಡಿಸಿ ನೋಡಿದಾಗ ಬಲವೂ ಮನಸ್ಸಿನ ಉತ್ಸಾಹವೂ ಹೆಚ್ಚಿದವು. 2004ರಲ್ಲಿ ಆರೆಗಾನ್‌ನಲ್ಲಿ 69 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ಬಳಸಿದ್ದು, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರ ಯೋಗಪದ್ಧತಿ. ಕುರ್ಚಿ ಅಥವಾ ಗೋಡೆಯ ಆಸರೆಯಲ್ಲಿ ಪ್ರತಿ ಆಸನ 10ರಿಂದ 30 ಸೆಕೆಂಡ್, ನಡುವೆ ಅರ್ಧದಿಂದ ಒಂದು ನಿಮಿಷ ವಿಶ್ರಾಂತಿ. ಆರು ತಿಂಗಳಿಗೆ ದಣಿವು ಇಳಿಯಿತು. ಹೋಲಿಕೆಗೆಂದು ಯೋಗದ ಬದಲು ವ್ಯಾಯಾಮ ಮಾಡಿಸಿದ ಗುಂಪಿನಲ್ಲೂ ಅಷ್ಟೇ ಇಳಿಯಿತು. ನೆನಪು, ಏಕಾಗ್ರತೆ ಎರಡರಿಂದಲೂ ಸುಧಾರಿಸಲಿಲ್ಲ. ನಿಮಗೆ ಒಗ್ಗುವುದನ್ನು ಮಾಡಿ, ಫ್ಯಾನಿನ ಕೆಳಗೆ, ತಂಪು ಹೊತ್ತಿನಲ್ಲಿ. ಕಾಲಿನ ಬಿಗಿತಕ್ಕೆ ದಿನವೂ ಮೀನಖಂಡ, ತೊಡೆಯ ಹಿಂಭಾಗವನ್ನು 30 ಸೆಕೆಂಡ್ ನಿಧಾನ ಎಳೆದು ಹಿಡಿಯಿರಿ, ಜಗ್ಗಬೇಡಿ. ಬಿಗಿತ ದಿಢೀರನೆ ಹೆಚ್ಚಿದರೆ ತುಂಬಿದ ಮೂತ್ರಕೋಶ, ಮಲಬದ್ಧತೆ, ಒಳಬೆಳೆದ ಉಗುರು, ಬಿಗಿಯಾದ ಉಡುಪು, ಚರ್ಮದ ಹುಣ್ಣುಗಳನ್ನು ಹುಡುಕಿ. ಎಷ್ಟೋ ಸಲ ಕಾರಣ ಅಲ್ಲೇ ಇರುತ್ತದೆ. ಅವಸರದ ಮೂತ್ರಕ್ಕೆ ಹೆದರಿ ನೀರು ಬಿಡುವವರಿದ್ದಾರೆ. ಮೂತ್ರ ಗಟ್ಟಿಯಾಗಿ ಮತ್ತಷ್ಟು ಕೆರಳಿಸುತ್ತದೆ. ಹಗಲು ಒಂದೂವರೆ, ಎರಡು ಲೀಟರ್ ಕುಡಿದು, ಮಲಗುವ 2 ಗಂಟೆ ಮೊದಲು ನಿಲ್ಲಿಸಿ, ಕಾಫಿ ಟೀ ಕಡಿಮೆ ಮಾಡಿ.

ಆಹಾರದ ಚರಿತ್ರೆಯಲ್ಲಿ ದೊಡ್ಡ ಹೆಸರು ನರರೋಗ ವೈದ್ಯ ರಾಯ್ ಸ್ವಾಂಕ್. 1948ರಿಂದ ಮಾಂಟ್ರಿಯಲ್‌ನಲ್ಲಿ ಅವರು ಜಿಡ್ಡು ತೀರ ಕಡಿಮೆಯಿರುವ ಆಹಾರ ಕೊಡತೊಡಗಿದರು, 1990ರಲ್ಲಿ 34 ವರ್ಷಗಳ ಫಲಿತಾಂಶ ಪ್ರಕಟಿಸಿದರು: ಸ್ಯಾಚುರೇಟೆಡ್ ಕೊಬ್ಬನ್ನು (ತುಪ್ಪ, ಬೆಣ್ಣೆಯಲ್ಲಿರುವಂಥ ಜಿಡ್ಡು) ದಿನಕ್ಕೆ 20 ಗ್ರಾಂ ಒಳಗಿಟ್ಟವರು ಚೆನ್ನಾಗಿದ್ದರು. ಆದರೆ ಹೋಲಿಸಿ ನೋಡಲು ಚೀಟಿ ಎತ್ತಿ ಆರಿಸಿದ ಇನ್ನೊಂದು ಗುಂಪು ಇರಲಿಲ್ಲ. ಚೆನ್ನಾಗಿದ್ದವರಿಗೇ ಪಥ್ಯ ಮುಂದುವರಿಸುವುದು ಸುಲಭವಾಗಿರಬಹುದು. ಡೆಸ್ಟೆಯ ದನದ ಮಾಂಸಕ್ಕೆ ಬಂದ ಹೆಸರಿನ ತೊಡಕು ಇಲ್ಲೂ ಇದೆ. ತುಪ್ಪ, ಕರಿದ ತಿಂಡಿ ಇಳಿಸಿ ಸೊಪ್ಪು, ಕಾಳು, ರಾಗಿ ಹೆಚ್ಚಿಸಿದರೆ ಹೃದಯಕ್ಕೂ ಮಲಬದ್ಧತೆಗೂ ಒಳ್ಳೆಯದು. ಎಂಎಸ್ ನಿಲ್ಲುತ್ತದೆಂದು ಹೇಳಲು ಆಧಾರ ಸಾಲದು. ಜೇನುನೊಣದ ಕಡಿತವನ್ನು 2005ರಲ್ಲಿ ನೆದರ್ಲೆಂಡ್ಸ್‌ನಲ್ಲಿ, ಗಿಂಕೊ ಮರದ ಎಲೆಯ ಸಾರವನ್ನು 2012ರಲ್ಲಿ ಅಮೆರಿಕದಲ್ಲಿ ಕ್ರಮಬದ್ಧವಾಗಿ ಪರೀಕ್ಷಿಸಿದರು. ಎರಡೂ ಪ್ರಯೋಜನಕ್ಕೆ ಬರಲಿಲ್ಲ.

ವಿಟಮಿನ್ ಡಿ ವಿಷಯ ಇನ್ನೂ ತೀರ್ಮಾನವಾಗಿಲ್ಲ. ರಕ್ತದಲ್ಲಿ ಅದು ಕಡಿಮೆಯಿದ್ದವರಿಗೆ ಎಂಎಸ್ ಬರುವ ಸಾಧ್ಯತೆ ಹೆಚ್ಚು ಎಂದು 2006ರಲ್ಲಿ ಅಮೆರಿಕದ ಸೈನಿಕರ ಅಧ್ಯಯನ ತೋರಿಸಿತು. ಕಾಯಿಲೆ ಬಂದವರಿಗೆ ದಿನಕ್ಕೆ 5000 ಯೂನಿಟ್ ಕೊಟ್ಟ 2023ರ ಪ್ರಯೋಗದಲ್ಲಿ 600 ಯೂನಿಟ್‌ಗಿಂತ ಹೆಚ್ಚಿನ ಲಾಭ ಸಿಗಲಿಲ್ಲ. ಮೊದಲ ಲಕ್ಷಣದ ಬೆನ್ನಲ್ಲೇ 15 ದಿನಕ್ಕೊಮ್ಮೆ 1 ಲಕ್ಷ ಯೂನಿಟ್ ಕೊಟ್ಟ ಫ್ರಾನ್ಸಿನ ಪ್ರಯೋಗದಲ್ಲಿ, 2025ರ ವರದಿಯಂತೆ, ಲಾಭ ಸಿಕ್ಕಿತು. ರಕ್ತಪರೀಕ್ಷೆ ಮಾಡಿಸಿ ವೈದ್ಯರು ಹೇಳಿದಷ್ಟೇ ತೆಗೆದುಕೊಳ್ಳಿ. ಅತಿಯಾದರೆ ಕ್ಯಾಲ್ಸಿಯಂ ಏರಿ ಮೂತ್ರಪಿಂಡ ಕೆಡುತ್ತದೆ.

ಗಿಡಮೂಲಿಕೆಯಲ್ಲಿ ಹೆಚ್ಚಿನ ಎಚ್ಚರ ಬೇಕು. ಎಂಎಸ್‌ನಲ್ಲಿ ರೋಗನಿರೋಧಕ ಶಕ್ತಿ ಕಡಿಮೆಯಾಗಿರುವುದಿಲ್ಲ, ಅದು ತಪ್ಪು ಗುರಿಗೆ ಹೊಡೆಯುತ್ತಿರುತ್ತದೆ. ಹಾಗಿರುವಾಗ ‘ಇಮ್ಯುನಿಟಿ ಹೆಚ್ಚಿಸುವ’ ಅಮೃತಬಳ್ಳಿ, ಅಶ್ವಗಂಧ ಸಲಹೆಯಾಗಲಾರವು. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕುಡಿದವರಲ್ಲಿ ಲಿವರ್ ಊತ ಕಂಡದ್ದನ್ನು 2021ರಲ್ಲಿ ಮುಂಬೈನ ವೈದ್ಯರು ವರದಿ ಮಾಡಿದರು. 1993ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಇಂಟರ್‌ಫೆರಾನ್‌ನಿಂದ ಹಿಡಿದು ದಾಳಿ ತಡೆಯುವ ಹಲವು ಔಷಧಗಳೂ ಲಿವರ್‌ಗೆ ತೊಂದರೆ ಕೊಡಬಲ್ಲವು. ಕಷಾಯವನ್ನೂ ಮಾತ್ರೆಯನ್ನೂ ಒಟ್ಟಿಗೆ ತೆಗೆದುಕೊಂಡು ಲಿವರ್ ಪರೀಕ್ಷೆ ಏರಿದರೆ ಯಾವುದರಿಂದ ಎಂದು ತಿಳಿಯದೆ ವೈದ್ಯರು ಮೊದಲು ಮಾತ್ರೆಯನ್ನೇ ನಿಲ್ಲಿಸಬಹುದು. ಆ ಬಿಡುವಿನಲ್ಲಿ ದಾಳಿ ಮರುಕಳಿಸಬಹುದು. ಲೇಹ್ಯ, ಚೂರ್ಣ, ಭಸ್ಮ ಏನು ತೆಗೆದುಕೊಳ್ಳುತ್ತಿದ್ದರೂ ಡಬ್ಬಿ ಸಮೇತ ನರರೋಗ ತಜ್ಞರ ಮೇಜಿನ ಮೇಲಿಡಿ.