ಗ್ರಹಗಳಿಗೂ ಮೊದಲು ಬಂದ ಸಾವಿತ್ರಿ

ಒಂದು ಗಂಡು ದನಿ 'ಸಾವಿತ್ರಿ, ಸಾವಿತ್ರಿ' ಎಂದು ಕರೆಯುತ್ತದೆ. ಜೊತೆಗೆ ಪಿಟೀಲಿಲ್ಲ, ಕೊಳಲಿಲ್ಲ. 'ನಾನು ಮೃತ್ಯು' ಅನ್ನುತ್ತದೆ ಆ ದನಿ. ಸ್ವಲ್ಪ ಹೊತ್ತಿಗೆ ಹೆಣ್ಣು ದನಿಯೊಂದು ಅದರ ಜೊತೆ ಸೇರುತ್ತದೆ, ಆದರೆ ಅವಳ ಶ್ರುತಿಯೇ ಬೇರೆ. 'ಸಾವಿತ್ರಿ' ಎಂಬ ಈ ಆಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ಶುರುವಾಗುವುದು ಹೀಗೆ, ಬರೀ ಎರಡು ಕಂಠಗಳಿಂದ. ಬರೆದವರು ಭಾರತವನ್ನು ಒಮ್ಮೆಯೂ ನೋಡದ ಇಂಗ್ಲಿಷ್ ಮೇಷ್ಟ್ರು, ಗುಸ್ಟಾವ್ ಹೋಲ್ಸ್ಟ್.

ಹೋಲ್ಸ್ಟ್ ಹೆಸರು ಹೇಳಿದರೆ ಎಲ್ಲರಿಗೂ ನೆನಪಾಗುವುದು 'ದ ಪ್ಲಾನೆಟ್ಸ್', ಒಂದೊಂದು ಗ್ರಹಕ್ಕೆ ಒಂದೊಂದು ಭಾಗವಿರುವ ವಾದ್ಯಮೇಳದ ಕೃತಿ. ಆದರೆ ಆ ಗ್ರಹಗಳ ಹಾದಿ ಸಂಸ್ಕೃತದ ಮೂಲಕ ಬಂದದ್ದು ಅಂತ ನನಗೆ ಅನಿಸುತ್ತದೆ.

ಹುಟ್ಟಿದ್ದು 1874ರಲ್ಲಿ, ಚೆಲ್ಟನಮ್ ಊರಿನಲ್ಲಿ. ಸಂಗೀತದ ಮನೆತನ. ಮಗ ಪಿಯಾನೊ ವಾದಕನಾಗಲಿ ಅಂತ ತಂದೆಗೆ ಆಸೆ. ಆದರೆ ಬಲಗೈಯ ನರದ ನೋವು ಅದಕ್ಕೆ ಬಿಡಲಿಲ್ಲ. ಉಬ್ಬಸಕ್ಕೆ ಒಳ್ಳೆಯದಾದೀತು ಅಂತ ಟ್ರೊಂಬೋನ್ ಎಂಬ ಹಿತ್ತಾಳೆಯ ಊದುವ ವಾದ್ಯ ಕಲಿಸಿದರು. ಮುಂದೆ ಕೆಲವು ವರ್ಷ ಅನ್ನ ಹಾಕಿದ್ದು ಅದೇ. ಕಡಲ ತೀರದ ಊರುಗಳ ಬ್ಯಾಂಡ್, ಆಪೆರಾ ಕಂಪನಿ, ಎಲ್ಲ ಕಡೆ ಊದಿದರು. 1905ರಿಂದ ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿರುವ ಸೇಂಟ್ ಪಾಲ್ಸ್ ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತದ ಮೇಷ್ಟ್ರು. ಅಲ್ಲಿನ ಕೆಲಸ ಸಾಯುವ ತನಕ ಬಿಡಲಿಲ್ಲ. 1907ರಿಂದ ಮಾರ್ಲಿ ಕಾಲೇಜಿನಲ್ಲಿ ದುಡಿಯುವ ಜನರಿಗೂ ಪಾಠ ಹೇಳಿದರು. ಬರೆಯಲು ಸಿಗುತ್ತಿದ್ದದ್ದು ವಾರದ ಕೊನೆ ಮತ್ತು ಆಗಸ್ಟ್ ರಜೆ, ಅಷ್ಟೇ.

ಇಪ್ಪತ್ತೈದರ ಆಸುಪಾಸಿನಲ್ಲಿ ಭಾರತದ ಸಾಹಿತ್ಯದ ಬಗ್ಗೆ ಒಂದು ಪುಸ್ತಕ ಕೈಗೆ ಸಿಕ್ಕಿತು. ಮೂಲದ ಇಂಗ್ಲಿಷ್ ಅನುವಾದಗಳನ್ನು ಹುಡುಕಿ ನೋಡಿದರು, ಹಾಡಲು ಒಂದೂ ಹಿಡಿಸಲಿಲ್ಲ. ಹಾಗಾದರೆ ಭಾಷೆಯನ್ನೇ ಕಲಿಯೋಣ ಅಂತ ಮೇಬಲ್ ಬೋಡ್ ಎಂಬ ವಿದುಷಿಯ ಹತ್ತಿರ ಸಂಸ್ಕೃತಕ್ಕೆ ಕೂತರು. ಪಂಡಿತರೇನೂ ಆಗಲಿಲ್ಲ. ನಿಘಂಟು ಪಕ್ಕಕ್ಕಿಟ್ಟುಕೊಂಡು, ಒಂದೊಂದೇ ಪದ ಬಿಡಿಸಿ, ತಮ್ಮ ಇಂಗ್ಲಿಷಿಗೆ ತಂದುಕೊಳ್ಳುವಷ್ಟು ಕಲಿತರು. ದುಡಿಮೆಯ ನಡುವೆ, ನೋಯುವ ಕೈಯಲ್ಲಿ ಇಷ್ಟು ಮಾಡಿದ್ದು ಸುಮ್ನೆ ಮಾತಲ್ಲ.

ಮೊದಲು ಬಂದದ್ದು 'ಸೀತಾ', ಮೂರು ಅಂಕದ ದೊಡ್ಡ ಆಪೆರಾ. ವರ್ಷಗಟ್ಟಲೆ ಬರೆದರು. ಜರ್ಮನ್ ಆಪೆರಾಕಾರ ವಾಗ್ನರ್‌ನ ನೆರಳು ತುಂಬ, ಅಬ್ಬರವೂ ತುಂಬ. ಸ್ಪರ್ಧೆಗೆ ಕಳಿಸಿದರೂ ಬಹುಮಾನ ಬರಲಿಲ್ಲ, ಅವರು ಇರುವ ತನಕ ರಂಗವನ್ನೂ ಏರಲಿಲ್ಲ. ಇದೆಲ್ಲ ವಾಗ್ನರ್ ಥರದ ಅರಚಾಟ ಅಂತ ಮುಂದೆ ಅವರೇ ತಳ್ಳಿಹಾಕಿದರು. ಆಮೇಲೆ ಋಗ್ವೇದದ ಸೂಕ್ತಗಳಿಗೆ ಬಂದರು. ಉಷಸ್ಸು, ವರುಣ, ಮರುತ್ತುಗಳು, ಮಳೆ ಬಂದಾಗ ಒದರುವ ಕಪ್ಪೆಗಳ ಸೂಕ್ತ ಕೂಡ. ಒಬ್ಬರೇ ಹಾಡುವ ಒಂಬತ್ತು ಹಾಡುಗಳಾದವು. 1908ರಿಂದ 1912ರವರೆಗೆ ಮೇಳಕ್ಕೆ ನಾಲ್ಕು ಗುಚ್ಛಗಳು. ಮೂರನೆಯದು ಬರೀ ಹೆಣ್ಣು ದನಿ ಮತ್ತು ಹಾರ್ಪ್ ಎಂಬ ತಂತಿವಾದ್ಯ.

ಈ ನಡುವೆಯೇ, 1908ರಲ್ಲಿ, 'ಸಾವಿತ್ರಿ' ಹುಟ್ಟಿತು. ಮಾತೂ ಅವರದೇ. ಹಾಡುವವರು ಮೂರೇ ಜನ. ನುಡಿಸುವವರು ಹನ್ನೆರಡು ಮಂದಿ. ಅರ್ಧ ಗಂಟೆಯ ಕಥೆ. ನಮಗೆ ಗೊತ್ತಿರುವ ವನಪರ್ವದ ಸಾವಿತ್ರಿ ನೂರು ಮಕ್ಕಳ ವರ ಕೇಳಿ ಯಮನನ್ನು ಕಟ್ಟಿಹಾಕುತ್ತಾಳೆ, ಅಲ್ವಾ? ಹೋಲ್ಸ್ಟ್ ಇದನ್ನು ಕೊಂಚ ತಿರುಗಿಸಿದರು. ಗಂಡನ ಪ್ರಾಣ ಬಿಟ್ಟು ಏನಾದರೂ ಕೇಳು ಅನ್ನುತ್ತದೆ ಮೃತ್ಯು. ಅವಳು ಕೇಳುವುದು 'ಬದುಕು', ತನ್ನದೇ ತುಂಬು ಬದುಕು. ಸತ್ಯವಾನನಿಲ್ಲದೆ ಅದು ಬದುಕೇ ಅಲ್ಲ. ಮೃತ್ಯು ಸೋತು ಹೊರಡುತ್ತದೆ. ಈ ತಿರುವು ನನಗೆ ತುಂಬ ಇಷ್ಟ. ಮೂಲದ ಜಾಣತನ ಉಳಿದಿದೆ, ಆದರೆ ಹೆಣ್ಣು ಇಲ್ಲಿ ತನಗಾಗಿ ಕೇಳುತ್ತಾಳೆ. ಸಂಗೀತದಲ್ಲಿ ಗೆಜ್ಜೆ, ತಮಟೆ ತಂದು ಪೂರ್ವದೇಶದ ಬಣ್ಣ ಬಳಿಯಲೂ ಹೋಗಿಲ್ಲ.

ಇದರಲ್ಲಿ ಇನ್ನೊಂದು ವಿಷಯ ಇದೆ. ತೆರೆಯ ಹಿಂದೆ ಹೆಂಗಸರ ಮೇಳವೊಂದು ಕಣ್ಣಿಗೆ ಬೀಳದಂತೆ ನಿಂತು ಹಾಡುತ್ತದೆ. ಅದಕ್ಕೆ ಪದಗಳಿಲ್ಲ, ಬರೀ ಸ್ವರ. ಇದನ್ನು ನೆನಪಿಟ್ಟುಕೊಳ್ಳಿ.

'ದ ಪ್ಲಾನೆಟ್ಸ್' ಬರೆದದ್ದು 1914ರಿಂದ 1917ರವರೆಗೆ. ಮನಸ್ಸಿನಲ್ಲಿದ್ದದ್ದು ದೂರದರ್ಶಕದ ಗ್ರಹಗಳಲ್ಲ, ಜ್ಯೋತಿಷ್ಯದ ಗ್ರಹಗಳು. ಸ್ನೇಹಿತರೊಬ್ಬರಿಂದ ಆ ಹುಚ್ಚು ಹತ್ತಿತ್ತು. ಮಂಗಳ ಯುದ್ಧ ತರುತ್ತಾನೆ, ಐದು ಎಣಿಕೆಯಲ್ಲಿ ಬಡಿಯುತ್ತಾನೆ. ಪಿಟೀಲಿನವರು ಕಮಾನಿನ ಕಟ್ಟಿಗೆಯಿಂದ ತಂತಿಗೆ ಹೊಡೆಯುತ್ತಾರೆ. ಶನಿ ತರುವುದು ಮುಪ್ಪು. ಹೋಲ್ಸ್ಟ್‌ಗೆ ಎಲ್ಲಕ್ಕಿಂತ ಪ್ರಿಯವಾದದ್ದು ಈ ಶನಿಯೇ. ಕೊನೆಯದು ನೆಪ್ಚೂನ್. ಅಲ್ಲಿ ಪಕ್ಕದ ಕೋಣೆಯಿಂದ ಹೆಂಗಸರ ಮೇಳ ಪದವಿಲ್ಲದೆ ಹಾಡುತ್ತದೆ. ಆಪೆರಾದ ಅದೇ ಉಪಾಯ ಇಲ್ಲಿ ಮತ್ತೆ ಬಂದಿದೆ. ಕೊನೆಯ ಸಾಲಿನಲ್ಲಿ ಕೋಣೆಯ ಬಾಗಿಲನ್ನು ಸದ್ದಿಲ್ಲದೆ, ಮೆಲ್ಲಗೆ ಮುಚ್ಚಬೇಕು, ದನಿ ಕೇಳದಾಗುವ ತನಕ ಹಾಡುತ್ತಲೇ ಇರಬೇಕು ಅಂತ ಬರೆದಿಟ್ಟಿದ್ದಾರೆ.

1918ರ ಸೆಪ್ಟೆಂಬರ್ 29ರಂದು ಲಂಡನ್ನಿನ ಕ್ವೀನ್ಸ್ ಹಾಲ್‌ನಲ್ಲಿ ವಾದ್ಯಮೇಳದ ನಿರ್ದೇಶಕ ಏಡ್ರಿಯನ್ ಬೌಲ್ಟ್ ಅದನ್ನು ಮೊದಲು ನುಡಿಸಿದರು. ಖರ್ಚು ಕೊಟ್ಟದ್ದು ಗೆಳೆಯ ಬಾಲ್ಫರ್ ಗಾರ್ಡಿನರ್. ಹೋಲ್ಸ್ಟ್ ಆಗ ಸೈನಿಕರಿಗೆ ಸಂಗೀತ ಕಲಿಸಲು ಗ್ರೀಸಿನ ಸಲೋನಿಕಾಕ್ಕೆ ಹೊರಟಿದ್ದರು. ಜರ್ಮನಿಯ ಜೊತೆ ಯುದ್ಧದ ಕಾಲ, ಅದಕ್ಕೆಂದೇ ಹೆಸರಿನ ಮುಂದಿದ್ದ, ಜರ್ಮನ್ ಅನಿಸುವ 'ಫಾನ್' ತೆಗೆದುಹಾಕಬೇಕಾಯಿತು.

ಹೆಸರು ಬಂತು, ಆದರೆ ಅವರಿಗೆ ಅದು ಬೇಕಿರಲಿಲ್ಲ. 1930ರಲ್ಲಿ ಪ್ಲೂಟೊ ಸಿಕ್ಕಾಗಲೂ ಇನ್ನೊಂದು ಭಾಗ ಬರೆಯಲಿಲ್ಲ. 1934ರ ಮೇ 25ರಂದು, 59ನೇ ವಯಸ್ಸಿನಲ್ಲಿ ತೀರಿಕೊಂಡರು.

'ಸಾವಿತ್ರಿ' ಮೊದಲು ರಂಗಕ್ಕೆ ಬಂದದ್ದು 1916ರಲ್ಲಿ. ಈಗಲೂ ಅದನ್ನು ಕೇಳಿದವರು ಕಡಿಮೆ. ಮಗಳು ಇಮೊಜೆನ್ ಹೋಲ್ಸ್ಟ್ ತಾವೇ ನಿಂತು ನಡೆಸಿಕೊಟ್ಟ ಒಂದು ಧ್ವನಿಮುದ್ರಣ ಇದೆ. ಸಾವಿತ್ರಿಯಾಗಿ ಹಾಡಿದವರು ಜಾನೆಟ್ ಬೇಕರ್. ಬಿಡುವು ಮಾಡಿಕೊಂಡು ಕೇಳಿ, ಅರ್ಧ ಗಂಟೆ ಸಾಕು.