ಬಿಡುವಾದಾಗ ಹೋಗ್ತೀನಿ ಅನ್ನುವವರಿಗೆ

ರಿಟೈರ್ ಆದವರು ನನ್ನೆದುರು ಕೂತು ಆಡುವ ಒಂದು ಮಾತು ಕೇಳಿದರೆ ಈಗೀಗ ನನಗೆ ಪೆನ್ನು ಕೆಳಗಿಡಬೇಕು ಅನ್ನಿಸುತ್ತದೆ. ‘ಏನಾದರೂ ಸೇವೆ ಮಾಡಬೇಕು ಅಂತ ಇದೆ ಡಾಕ್ಟರೇ. ಬಿಡುವಾದಾಗ ಹೋಗ್ತೀನಿ.’

ಬಿಡುವಾದಾಗ! ಇಡೀ ದಿನ ಬಿಡುವೇ ಇರುವವರು ಹೇಳುವ ಮಾತು ಇದು. ಆರು ತಿಂಗಳು ಕಳೆದು ಬಿ.ಪಿ. ತೋರಿಸಲು ಬಂದಾಗ ಕೇಳುತ್ತೇನೆ, ‘ಹೋದ್ರಾ?’ ಎರಡು ಸಲ ಹೋಗಿದ್ದರಂತೆ. ಆಮೇಲೆ ನೆಗಡಿ ಆಯಿತು, ಮನೆಗೆ ನೆಂಟರು ಬಂದರು, ಅಲ್ಲಿಗೇ ಬಿಟ್ಟುಹೋಯಿತು. ಯಾಕೆ ಬರಲಿಲ್ಲ ಅಂತ ಅಲ್ಲಿಂದ ಒಂದು ಫೋನೂ ಬರಲಿಲ್ಲ. ‘ಅವರಿಗೇನು ನಾನು ಬೇಕಾಗಿರಲಿಲ್ಲ ಬಿಡಿ’ ಅನ್ನುತ್ತಾರೆ, ಸ್ವಲ್ಪ ಸಪ್ಪೆ ಮುಖ ಮಾಡಿಕೊಂಡು.

ನಾನು ವಯಸ್ಸಾದವರನ್ನೇ ನೋಡುವ ವೈದ್ಯ. ಸ್ವಯಂಸೇವೆ ಒಳ್ಳೆಯದು ಅಂತ ಈಗ ಯಾರಿಗೂ ಹೇಳಬೇಕಾಗಿಲ್ಲ. ವಾಟ್ಸಾಪ್ ಗುಂಪುಗಳು ಆ ಕೆಲಸವನ್ನು ಬೇಕಾದ್ದಕ್ಕಿಂತ ಜಾಸ್ತಿಯೇ ಮಾಡಿವೆ. ನನ್ನದು ಒಂದೇ ವಿಷಯ. ಅದನ್ನೇ ಸುತ್ತಿ ಸುತ್ತಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇಂಥದ್ದೇ ದಿನ ಅಂತ ಗೊತ್ತಾಗಬೇಕು. ಇಂಥದ್ದೇ ಹೊತ್ತು ಅಂತ ಗೊತ್ತಾಗಬೇಕು. ಆ ಹೊತ್ತಿಗೆ ನಿಮ್ಮ ದಾರಿ ನೋಡುವ ಒಬ್ಬರಾದರೂ ಇರಬೇಕು.

ಗ್ರಂಥಾಲಯಕ್ಕೆ ಹೋಗಿ ‘ಏನಾದರೂ ಸಹಾಯ ಬೇಕಾ?’ ಅಂತ ಕೇಳಿ ಬರುವುದು ಬೇರೆ. ಮಂಗಳವಾರ ಬೆಳಿಗ್ಗೆ ಅದರ ಬೀಗದ ಕೈ ನಿಮ್ಮ ಜೇಬಿನಲ್ಲೇ ಇರುವುದು ಬೇರೆ. ಮೊದಲನೆಯದರಲ್ಲಿ ನೀವು ಹೋಗದಿದ್ದರೂ ನಡೆಯುತ್ತದೆ. ಎರಡನೆಯದರಲ್ಲಿ ನಾಲ್ಕು ಜನ ಬಾಗಿಲ ಮುಂದೆ ನಿಂತು ನಿಮ್ಮನ್ನು ಬಯ್ಯುತ್ತಾರೆ. ನನಗೆ ಬೇಕಾಗಿರುವುದು ಆ ಬೈಗುಳ. ಕೆಲಸದಲ್ಲಿದ್ದಷ್ಟು ವರ್ಷ ಸಂಬಳದ ಜೊತೆಗೆ ಅದೂ ಸಿಗುತ್ತಿತ್ತು. ನೀವು ಹೋಗದಿದ್ದರೆ ಯಾರದೋ ಫೈಲು ನಿಲ್ಲುತ್ತಿತ್ತು, ಯಾವುದೋ ತರಗತಿ ಗದ್ದಲ ಹಾಕುತ್ತಿತ್ತು. ಬೀಳ್ಕೊಡುಗೆಯ ದಿನ ಅದು ಮುಗಿಯುತ್ತದೆ. ಪಿಂಚಣಿಯಲ್ಲಿ ಅದು ಸೇರಿರುವುದಿಲ್ಲ.

ಆಮೇಲೆ ಏನಾಗುತ್ತದೆ ಅಂತ ನಾವು ವೈದ್ಯರು ದಿನವೂ ನೋಡುತ್ತೇವೆ. ಗಡ್ಡ ಎರಡು ದಿನಕ್ಕೊಮ್ಮೆ ಆಗುತ್ತದೆ, ಆಮೇಲೆ ವಾರಕ್ಕೊಮ್ಮೆ. ಸ್ನಾನ ಮಧ್ಯಾಹ್ನಕ್ಕೆ ಹೋಗುತ್ತದೆ. ಮಧ್ಯಾಹ್ನದ ನಿದ್ದೆ ಉದ್ದವಾಗುತ್ತದೆ, ರಾತ್ರಿ ನಿದ್ದೆ ಇಲ್ಲ ಅಂತ ಮಾತ್ರೆ ಕೇಳುತ್ತಾರೆ. ‘ದಿನಾ ನಡೆಯಿರಿ’ ಅಂತ ನಾನು ಹತ್ತು ವರ್ಷ ಬರೆದುಕೊಟ್ಟರೂ ನಡೆಯದವರು, ಹತ್ತು ಗಂಟೆಗೆ ಒಂದು ಹುಡುಗಿ ಲೆಕ್ಕದ ಪುಸ್ತಕ ಹಿಡಿದು ಕಾಯುತ್ತಿದ್ದಾಳೆ ಅಂದರೆ ಎದ್ದು ಸ್ನಾನ ಮಾಡಿ ನಡೆದು ಹೋಗುತ್ತಾರೆ. ಔಷಧಿ ಅಂತ ಇದ್ದರೆ ಅದರ ಮುಕ್ಕಾಲು ಭಾಗ ಆ ಎದ್ದು ಹೋಗುವುದರಲ್ಲೇ ಇದೆ ಅನ್ನುವುದು ನನ್ನ ಗುಮಾನಿ. ಗುಮಾನಿ ಅಷ್ಟೇ, ಅಳೆದು ನೋಡಿದ್ದಲ್ಲ.

ಅಳೆದು ನೋಡಿದವರೂ ಇದ್ದಾರೆ. ಅಮೆರಿಕದಲ್ಲಿ 50 ದಾಟಿದ ಸುಮಾರು 13,000 ಜನರನ್ನು ಹಲವು ವರ್ಷ ಗಮನಿಸಿದ ಒಂದು ಅಧ್ಯಯನ 2020ರಲ್ಲಿ ಬಂತು. ವರ್ಷಕ್ಕೆ 100 ಗಂಟೆಗಿಂತ ಕಡಿಮೆಯಿಲ್ಲದಷ್ಟು ಸ್ವಯಂಸೇವೆ ಮಾಡಿದವರಲ್ಲಿ ಸಾವಿನ ಅಪಾಯ ಕಡಿಮೆ ಇತ್ತು. ಕೈಕಾಲು ಆಡಿಸಲು ಕಷ್ಟವಾಗುವುದೂ ಕಡಿಮೆ ಇತ್ತು. ಓಡಾಟ ಜಾಸ್ತಿ, ಮನಸ್ಸಿನ ನೆಮ್ಮದಿಯೂ ಜಾಸ್ತಿ. ಈ ಭಾಗವನ್ನು ಎಲ್ಲರೂ ಫಾರ್ವರ್ಡ್ ಮಾಡಿದರು. ಅದೇ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆ, ಲಕ್ವ, ಕ್ಯಾನ್ಸರ್, ಹೃದ್ರೋಗ, ಕೀಲುನೋವು ಇವುಗಳ ಮೇಲೆ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಈ ಭಾಗವನ್ನು ಯಾರೂ ಕಳಿಸಲಿಲ್ಲ. ಬಿ.ಪಿ. ವಿಷಯದಲ್ಲಂತೂ ಉತ್ತರ ಎರಡು ಥರ ಬಂದಿದೆ. ವರ್ಷಕ್ಕೆ 200 ಗಂಟೆ ಮಾಡಿದವರಿಗೆ ಬಿ.ಪಿ. ಬರುವುದು ಕಡಿಮೆ ಅಂತ 2013ರ ಒಂದು ಅಧ್ಯಯನ ಹೇಳಿತ್ತು. 2020ರದ್ದರಲ್ಲಿ ಅದು ಕಾಣಲಿಲ್ಲ. ಹಾಗಾಗಿ ದಯವಿಟ್ಟು ನೀವು ಸೇವೆಗೆ ಸೇರಿದ ಖುಷಿಯಲ್ಲಿ ಮಾತ್ರೆ ನಿಲ್ಲಿಸಬೇಡಿ. ಒಬ್ಬರು ನಿಲ್ಲಿಸಿದ್ದರು.

ಇನ್ನೊಂದು ಅನುಮಾನವೂ ಸರಿಯಾದದ್ದೇ. ಗಟ್ಟಿಮುಟ್ಟಾಗಿರುವವರೇ ಸೇವೆಗೆ ಹೋಗುತ್ತಾರೆ, ಮಂಡಿ ಹಿಡಿದುಕೊಂಡವರು ಮನೆಯಲ್ಲಿರುತ್ತಾರೆ. ಆಮೇಲೆ ‘ಸೇವೆ ಮಾಡಿದವರು ಗಟ್ಟಿಯಾಗಿದ್ದಾರೆ’ ಅಂದರೆ ಏನರ್ಥ, ಅಲ್ವಾ? ಲೆಕ್ಕದಲ್ಲಿ ಇದನ್ನು ಸರಿದೂಗಿಸಲು ಸಂಶೋಧಕರು ಪ್ರಯತ್ನ ಪಡುತ್ತಾರೆ, ಆದರೆ ಪೂರ್ತಿ ಆಗುವುದಿಲ್ಲ. ಅದಕ್ಕೇ ಅಮೆರಿಕದ ಬಾಲ್ಟಿಮೋರಿನಲ್ಲಿ ನಡೆದ ಪ್ರಯೋಗ ನನಗೆ ಇಷ್ಟ. ಅಲ್ಲಿ 60ರಿಂದ 86 ವಯಸ್ಸಿನ 128 ಜನರನ್ನು, ಚೀಟಿ ಎತ್ತಿದ ಹಾಗೆ, ಎರಡು ಗುಂಪು ಮಾಡಿದರು. ಒಂದು ಗುಂಪು ಪ್ರಾಥಮಿಕ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಓದಲು ಕಲಿಸುವಂಥ ಕೆಲಸಗಳಲ್ಲಿ ನೆರವಾಯಿತು. ಇನ್ನೊಂದು ಗುಂಪು ಸರದಿಗೆ ಕಾಯಿತು. ಕೆಲವೇ ತಿಂಗಳಲ್ಲಿ, ಹೋದವರ ಓಡಾಟ ಮತ್ತು ಶಕ್ತಿ ಹೆಚ್ಚಿತ್ತು. ಕಷ್ಟಕ್ಕೆ ಆಗುವವರು ಅಂತ ಅವರು ಎಣಿಸಬಲ್ಲ ಜನರೂ ಹೆಚ್ಚಾಗಿದ್ದರು. ಆ ಫಲಿತಾಂಶ 2004ರಲ್ಲಿ ಪ್ರಕಟವಾಯಿತು.

ಅಲ್ಲಿ ವಾರಕ್ಕೆ 15 ಗಂಟೆ ಕೆಲಸವಿತ್ತು. ಖರ್ಚಿಗೆ ಅಂತ ಒಂದಿಷ್ಟು ಹಣವನ್ನೂ ಕೊಡುತ್ತಿದ್ದರು. ಈ 15 ಅನ್ನುವ ಅಂಕಿ ಹೇಳಿದ್ದೇ ನನ್ನ ತಪ್ಪು. ಒಬ್ಬರು ಅದನ್ನು ಮೀರಿಸಬೇಕು ಅಂತ ಒಟ್ಟಿಗೇ ಮೂರು ಕಡೆ ಸೇರಿಕೊಂಡರು, ಎರಡನೇ ತಿಂಗಳಿಗೆ ಸೊಂಟ ಹಿಡಿದುಕೊಂಡು ಬಂದರು. ವರ್ಷಕ್ಕೆ 100 ಗಂಟೆ ಅಂದರೆ ವಾರಕ್ಕೆ ಎರಡು ಗಂಟೆ ಸಾಕು ಸ್ವಾಮಿ. ಬಾಲ್ಟಿಮೋರಿನಿಂದ ತೆಗೆದುಕೊಳ್ಳಬೇಕಾದದ್ದು ಗಂಟೆಯ ಲೆಕ್ಕವಲ್ಲ. ಶಾಲೆಯಲ್ಲಿ ಗಂಟೆ ಹೊಡೆಯುತ್ತದೆ, ಮಕ್ಕಳು ಬಂದು ಕೂರುತ್ತಾರೆ, ಬಿಡುವಾದಾಗ ಹೋಗುವ ಮಾತೇ ಅಲ್ಲಿಲ್ಲ. ನೋಡಿ, ಮತ್ತೆ ಅಲ್ಲಿಗೇ ಬಂದೆ.

ಈಗ ನನಗೆ ಸ್ವಲ್ಪ ಮುಜುಗರ ತರುವ ವಿಷಯ. 2012ರ ಒಂದು ಅಧ್ಯಯನ, ಜನ ಯಾಕೆ ಸ್ವಯಂಸೇವೆ ಮಾಡುತ್ತಾರೆ ಅಂತ ಕೇಳಿತು. ಬೇರೆಯವರಿಗೋಸ್ಕರ ಅಂತ ಹೋದವರಲ್ಲಿ ಮುಂದಿನ ನಾಲ್ಕು ವರ್ಷಗಳಲ್ಲಿ ಸಾವು ಕಡಿಮೆ ಇತ್ತು. ತಮ್ಮ ಒಳ್ಳೆಯದಕ್ಕೆ ಅಂತ ಹೋದವರಿಗೂ ಏನೂ ಮಾಡದೆ ಮನೆಯಲ್ಲಿದ್ದವರಿಗೂ ಅಂಥ ವ್ಯತ್ಯಾಸ ಇರಲಿಲ್ಲ. ಒಂದು ಅಧ್ಯಯನವನ್ನೇ ನಂಬಿ ಕೂರಬಾರದು, ನಿಜ. ಆದರೂ ‘ನಿಮ್ಮ ಆರೋಗ್ಯಕ್ಕೆ ಒಳ್ಳೆಯದು, ಹೋಗಿ’ ಅಂತ ಹೇಳುವ ವೈದ್ಯನ ಗತಿ ಏನು? ಹೇಳಿದ ತಕ್ಷಣ ಔಷಧಿಯ ಗುಣ ಹೋದ ಹಾಗೆ! ನನಗೆ ಹೊಳೆದ ಉಪಾಯ ಇಷ್ಟೇ. ನಾನು ಹೇಳಿದ್ದಕ್ಕೆ ಹೋಗಿ, ಪರವಾಗಿಲ್ಲ. ಕಾಯುವ ಒಬ್ಬರು ಸಿಕ್ಕರೆ ನಾನು ಹೇಳಿದ್ದು ತಾನಾಗಿಯೇ ಮರೆತುಹೋಗುತ್ತದೆ.

ದೊಡ್ಡ ಹುದ್ದೆಯಲ್ಲಿದ್ದು ಬಂದ ಒಬ್ಬರು ಇದ್ದರು. ಸೇರಿದ ಮೊದಲ ವಾರವೇ ಆ ಸಂಸ್ಥೆಯ ಲೆಕ್ಕಪತ್ರ ಸರಿಯಿಲ್ಲ ಅಂತ ಕಂಡುಹಿಡಿದರು. ಎರಡನೇ ವಾರ ಹನ್ನೊಂದು ಪುಟದ ವರದಿ ಬರೆದುಕೊಟ್ಟರು. ಮೂರನೇ ವಾರ ಅವರ ಎದುರು ಬರಲು ಎಲ್ಲರೂ ಹೆದರಿದರು. ಕೊನೆಗೆ ಅಲ್ಲಿನ ಒಬ್ಬ ಜಾಣೆ, ‘ಸರ್, ಕಣ್ಣು ಕಾಣದ ಒಬ್ಬ ಹುಡುಗನಿಗೆ ಪಾಠ ಓದಿ ಹೇಳುವವರು ಬೇಕು, ಬುಧವಾರ ನಾಲ್ಕಕ್ಕೆ’ ಅಂದಳಂತೆ. ಇಷ್ಟು ಸಣ್ಣ ಕೆಲಸವಾ ಅಂತ ನನ್ನ ಹತ್ತಿರ ಗೊಣಗಿದರು. ಆ ಹುಡುಗ ಅವರನ್ನು ಸಾಕಷ್ಟು ತಿದ್ದಿದ. ‘ಮೆಲ್ಲಗೆ ಓದಿ ಅಂಕಲ್, ಕಮಾ ಬಂದಲ್ಲಿ ನಿಲ್ಲಿಸಿ’ ಅಂತ ಹೇಳುತ್ತಾನಂತೆ. ಮೂವತ್ತು ವರ್ಷದಲ್ಲಿ ಯಾರೂ ಅವರಿಗೆ ಹಾಗೆ ಹೇಳಿರಲಿಲ್ಲ. ಈಗ ಮೂರನೇ ವರ್ಷ ನಡೆಯುತ್ತಿದೆ.

ಎಲ್ಲರಿಗೂ ಇದನ್ನು ಹೇಳುವುದಿಲ್ಲ. ಮನೆಯಲ್ಲಿ ಮರೆವಿನ ಕಾಯಿಲೆಯ ಗಂಡನನ್ನೋ ಹೆಂಡತಿಯನ್ನೋ ನೋಡಿಕೊಳ್ಳುತ್ತಿರುವವರಿಗೆ ಇನ್ನೊಂದು ಹೊಣೆ ಬೇಡ, ಅವರಿಗೇ ಯಾರಾದರೂ ಎರಡು ಗಂಟೆ ಬಿಡುವು ಕೊಡಿಸಬೇಕು. ಊಟ, ನಿದ್ದೆ, ಯಾವುದರಲ್ಲೂ ಆಸೆಯಿಲ್ಲದೆ ವಾರಗಟ್ಟಲೆ ಮಂಕಾಗಿರುವವರಿಗೆ ಮೊದಲು ಖಿನ್ನತೆಯ ಚಿಕಿತ್ಸೆ ಆಗಬೇಕು. ‘ನಾಲ್ಕು ಜನರ ಜೊತೆ ಬೆರೆತರೆ ಸರಿಹೋಗುತ್ತೆ’ ಅಂತ ಮಕ್ಕಳು ತಳ್ಳಿ ಕಳಿಸುವುದು ತಪ್ಪು. ಆಸ್ಪತ್ರೆಯಲ್ಲಿ ಸೇವೆ ಮಾಡುವುದಾದರೆ ಲಸಿಕೆಗಳ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ, ರೋಗಿಯನ್ನು ಎತ್ತುವ ಕೆಲಸಕ್ಕೆ ಕೈ ಹಾಕಬೇಡಿ.

ಮೊಮ್ಮಕ್ಕಳನ್ನು ನೋಡಿಕೊಳ್ಳುವುದೂ ಸೇವೆಯೇ ಅಲ್ವಾ ಅಂತ ಕೇಳುತ್ತಾರೆ. ದೊಡ್ಡ ಕೆಲಸವೇ. ಆದರೆ ಅಲ್ಲಿ ರಜೆ ಕೇಳಲು ಆಗುವುದಿಲ್ಲ, ಮನೆಯವರಲ್ಲದ ಒಂದು ಮುಖವೂ ಸಿಗುವುದಿಲ್ಲ.

ಮೊನ್ನೆ ಒಬ್ಬ ಹಿರಿಯ ಮಹಿಳೆಯನ್ನು ಮಗಳು ಕರೆದುಕೊಂಡು ಬಂದಿದ್ದರು. ಕಿವಿಯ ಮೆಷಿನ್ ಹಾಕಿಸಿಕೊಳ್ಳಿ ಅಂತ ನಾಲ್ಕು ವರ್ಷದಿಂದ ನಾನೂ ಹೇಳುತ್ತಿದ್ದೆ, ಮಗಳೂ ಹೇಳುತ್ತಿದ್ದರು. ಕಿವಿ ಸರಿಯಾಗೇ ಇದೆ, ನೀವೇ ಮೆತ್ತಗೆ ಮಾತಾಡ್ತೀರಿ ಅನ್ನುವುದು ಅವರ ವಾದ. ಈ ಸಲ ಎರಡೂ ಕಿವಿಗೆ ಹಾಕಿಸಿಕೊಂಡಿದ್ದರು. ಏನಮ್ಮಾ ಇದು ಅಂದೆ. ಶುಕ್ರವಾರ ಅವರ ಹತ್ತಿರ ಓದಲು ಬರುವ ಮಗು ಬಾಯೊಳಗೇ ಓದುತ್ತದಂತೆ. ತಪ್ಪು ಓದಿದರೂ ಗೊತ್ತಾಗುವುದಿಲ್ಲವಂತೆ. ‘ತಪ್ಪು ಕಲಿತರೆ ನನ್ನ ಹೆಸರಿಗೆ ತಾನೇ?’ ಅಂದರು.

ಮಗಳ ಮುಖದಲ್ಲಿ ಮಾತ್ರ ಅಷ್ಟೇನೂ ಖುಷಿ ಕಾಣಲಿಲ್ಲ. ಮಗು ಆಚೆ ಹೋದ ಕೂಡಲೇ ಅಮ್ಮ ಎರಡನ್ನೂ ತೆಗೆದು ಡಬ್ಬಿಗೆ ಹಾಕಿಡುತ್ತಾರಂತೆ.